ಲೆಕ್ಕವಿಲ್ಲದ ಕ್ರೋಧ

ಕ್ರೋಧವನ್ನು ಚಿತ್ರಿಸುವುದು ಬೇರೆ. ಕ್ರೋಧವನ್ನು ನೆಪವಾಗಿ ಬಳಸುವುದು ಬೇರೆ. ಮೊದಲನೆಯದು ಕಾವ್ಯದಷ್ಟೇ ಪ್ರಾಚೀನ. ಗ್ರೀಕರ ಇಲಿಯಡ್ ಮಹಾಕಾವ್ಯ ಆರಂಭವಾಗುವುದೇ ಕ್ರೋಧವೆಂಬ ಅರ್ಥದ ಪದದಿಂದ. ಎರಡನೆಯದು ಇಂಗ್ಲಿಷಿನ ಭವಿಷ್ಯಯುದ್ಧದ ಕಾದಂಬರಿಗಳಲ್ಲಿ ಕಳೆದ ಕೆಲವು ದಶಕಗಳಿಂದ ಒಂದು ಕಸುಬಾಗಿಯೇ ನೆಲೆಗೊಂಡಿದೆ. ಆ ಕಾದಂಬರಿಗಳಲ್ಲಿ ಕೋಪದಿಂದ ಕುರುಡಾದ ಯೋಧನೊಬ್ಬ ನೂರಾರು ಜೀವಗಳನ್ನು ಕೊಲ್ಲುತ್ತಾನೆ. ಏಕೆ ಕೊಂದೆ ಎಂದು ಅವನನ್ನು ಯಾರೂ ಕೇಳಲಾಗದಂತೆ ಕಾದಂಬರಿಕಾರ ಮೊದಲೇ ಏರ್ಪಾಡು ಮಾಡಿರುತ್ತಾನೆ. ಆಕ್ಷೇಪಿಸಬೇಕಾದದ್ದು ಈ ಏರ್ಪಾಡನ್ನು. ಹಿಂಸೆಯನ್ನು ಬರೆದನೆಂಬ ಒಂದೇ ಕಾರಣಕ್ಕೆ ಲೇಖಕನನ್ನು ದೂಷಿಸುವುದು ಸುಲಭ, ಆದರೆ ನ್ಯಾಯವಲ್ಲ. ಯುದ್ಧದ ಕಥೆಯಲ್ಲಿ ಹಿಂಸೆ ಇದ್ದೇ ಇರುತ್ತದೆ, ಕೋಪವೂ ಇರುತ್ತದೆ. ಆ ಕೋಪದ ಲೆಕ್ಕ ಎಲ್ಲಿ ಎಂಬುದೇ ಇಲ್ಲಿಯ ಪ್ರಶ್ನೆ.

ಈ ಬಗೆಯ ಕಥೆಗಳಿಗೆ ‘ಗ್ರಿಮ್‌ಡಾರ್ಕ್’ ಎಂಬ ಹೆಸರು ಬಂದದ್ದು ಒಂದು ಆಟದ ಘೋಷವಾಕ್ಯದಿಂದ. ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಸಂಸ್ಥೆ 1987ರಲ್ಲಿ ‘ವಾರ್‌ಹ್ಯಾಮರ್ 40,000’ ಎಂಬ ಯುದ್ಧದಾಟವನ್ನು ಹೊರತಂದಿತು. ಬಣ್ಣ ಹಚ್ಚಿದ ಪುಟ್ಟ ಸೈನಿಕ ಗೊಂಬೆಗಳನ್ನು ಮೇಜಿನ ಮೇಲೆ ನಡೆಸಿ ಆಡುವ ಆಟ ಅದು. ಅದರ ಕಥೆ ನಡೆಯುವುದು ಕ್ರಿಸ್ತಶಕದ ನಲವತ್ತೊಂದನೆಯ ಸಹಸ್ರಮಾನದಲ್ಲಿ. ಮಾನವಕುಲ ನಕ್ಷತ್ರಲೋಕಗಳನ್ನೆಲ್ಲ ಆವರಿಸಿದ ಒಂದು ಕ್ರೂರ ಸಾಮ್ರಾಜ್ಯವಾಗಿದೆ, ಯುದ್ಧಕ್ಕೆ ಆದಿಯಿಲ್ಲ, ಅಂತ್ಯವಿಲ್ಲ, ಕರುಣೆಯೆಂಬುದು ದೌರ್ಬಲ್ಯ. ಆಟದ ಸುತ್ತ ಕಾದಂಬರಿಗಳು ಬೆಳೆದವು. ಅವುಗಳಲ್ಲಿ ಪ್ರಸಿದ್ಧವಾದ ‘ಹೋರಸ್ ಹೆರೆಸಿ’ ಮಾಲೆ 2006ರಲ್ಲಿ ಆರಂಭವಾಗಿ 2019ರ ಹೊತ್ತಿಗೆ 54 ಸಂಪುಟಗಳನ್ನು ತಲುಪಿತು. ಭೂಮಿಯ ಮುತ್ತಿಗೆಯನ್ನು ಹೇಳುವ ಅದರ ಕೊನೆಯ ಭಾಗ 2024ರಲ್ಲಿ ಮುಗಿಯಿತು. ಇಷ್ಟು ದೀರ್ಘವಾದ ಗದ್ಯಕಥನವನ್ನು ಓದಿಸಿಕೊಂಡು ಹೋಗುವ ಶಕ್ತಿ ಅಲ್ಪವಾದುದಲ್ಲ. ಅದನ್ನು ಬರಿಯ ಬಾಲಿಶವೆಂದು ತಳ್ಳಿಹಾಕುವ ವಿಮರ್ಶಕನಿಗೆ ಅದರ ಬಲವೂ ತಿಳಿದಿಲ್ಲ, ದೋಷವೂ ತಿಳಿದಿಲ್ಲ.

ಈ ಮಾಲೆಯ ಕ್ರೋಧಮೂರ್ತಿ ಆಂಗ್ರಾನ್. ಸಾಮ್ರಾಟ ತನ್ನ ಪ್ರಯೋಗಶಾಲೆಯಲ್ಲಿ ಸೃಷ್ಟಿಸಿದ ಪುತ್ರರಲ್ಲಿ ಒಬ್ಬ. ಶೈಶವದಲ್ಲಿಯೇ ತಂದೆಯಿಂದ ಬೇರ್ಪಟ್ಟು ನುಸೀರಿಯಾ ಎಂಬ ದೂರದ ಲೋಕದಲ್ಲಿ ಗುಲಾಮನಾಗಿ ಬೆಳೆದವನು. ಅಲ್ಲಿಯ ಒಡೆಯರು ಅವನನ್ನು ಕಾಳಗದ ಕಣಕ್ಕೆ ಇಳಿಸಿದರು. ಅವನ ಮೆದುಳಿಗೆ ‘ಕಟುಕನ ಮೊಳೆಗಳು’ ಎಂಬ ಯಂತ್ರವನ್ನು ನೆಟ್ಟರು. ಕೊಲ್ಲುವಾಗ ಮಾತ್ರ ಆ ಮೊಳೆಗಳು ಸುಖವನ್ನು ಕೊಡುತ್ತವೆ. ಉಳಿದ ವೇಳೆಯಲ್ಲಿ ನೋವನ್ನೇ ಕೊಡುತ್ತವೆ. ಆದರೂ ಆಂಗ್ರಾನ್ ಗುಲಾಮರನ್ನು ಒಟ್ಟುಗೂಡಿಸಿ ದಂಗೆಯೆದ್ದ. ಒಡೆಯರ ಸೇನೆಗಳು ಸುತ್ತುವರಿದು ಅವನ ಸಂಗಾತಿಗಳು ಸಾಯಲು ಸಿದ್ಧರಾಗಿ ನಿಂತಿದ್ದ ಗಳಿಗೆಯಲ್ಲಿ ಸಾಮ್ರಾಟ ಬಂದ. ಸಂಗಾತಿಗಳನ್ನು ಉಳಿಸಲಿಲ್ಲ, ಮಗನನ್ನು ಮಾತ್ರ ಅವನ ಇಚ್ಛೆಗೆ ವಿರುದ್ಧವಾಗಿ ಎತ್ತಿಕೊಂಡು ಹೋದ. ಸಂಗಾತಿಗಳು ಅವನಿಲ್ಲದೆ ಸತ್ತರು. ಆಮೇಲೆ ಅವನ ಕೈಗೆ ಒಂದು ಸೈನ್ಯವನ್ನು ಕೊಟ್ಟು ಲೋಕಗಳನ್ನು ಗೆಲ್ಲೆಂದು ಆಜ್ಞಾಪಿಸಲಾಯಿತು.

ಕಥೆಯ ಈ ಬೀಜ ಸತ್ಯವಾದದ್ದು. ಇದಕ್ಕೆ ಪ್ರಮಾಣ ಬೇಕಾದರೆ ಕಾದಂಬರಿಯ ಹೊರಗೆ, ಆಸ್ಪತ್ರೆಯಲ್ಲಿಯೇ ಸಿಗುತ್ತದೆ. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರಿಗೆ ಬಾಸ್ಟನ್ನಿನಲ್ಲಿ ಚಿಕಿತ್ಸೆ ನೀಡಿದ ಮನೋವೈದ್ಯ ಜೊನಾಥನ್ ಶೇ 1994ರಲ್ಲಿ ‘ಅಕಿಲೀಸ್ ಇನ್ ವಿಯೆಟ್ನಾಂ’ ಎಂಬ ಗ್ರಂಥವನ್ನು ಪ್ರಕಟಿಸಿದ. ಸೈನಿಕನನ್ನು ಉನ್ಮತ್ತ ಕೊಲೆಗೆ ನೂಕುವ ಕಾರಣಗಳಲ್ಲಿ ಆತ ಎರಡನ್ನು ಎತ್ತಿ ಹೇಳುತ್ತಾನೆ. ಒಂದು, ಧರ್ಮವನ್ನು ಕಾಯಬೇಕಾದ ಮೇಲಧಿಕಾರಿಯೇ ಮಾಡಿದ ದ್ರೋಹ. ಇನ್ನೊಂದು, ಜೀವದ ಗೆಳೆಯನ ಸಾವು. ಅಗಮೆಮ್ನಾನ್ ಮಾಡಿದ ಅವಮಾನವೂ ಪೆಟ್ರೊಕ್ಲಸನ ಮರಣವೂ ಸೇರಿ ಅಕಿಲೀಸನನ್ನು ರಾಕ್ಷಸನನ್ನಾಗಿ ಮಾಡಿದಂತೆಯೇ ಇದು. ಹಾಗೆ ಉನ್ಮತ್ತನಾದವನು ಯುದ್ಧ ಮುಗಿದ ಮೇಲೂ ಪೂರ್ತಿಯಾಗಿ ಮನೆಗೆ ಮರಳುವುದಿಲ್ಲ ಎಂಬುದು ಶೇ ಕಂಡ ಸತ್ಯ. ಆಂಗ್ರಾನನ ಕಥೆಯಲ್ಲಿ ಈ ಎರಡು ಕಾರಣಗಳೂ ತುಂಬಿಕೊಂಡಿವೆ: ತಂದೆಯ ದ್ರೋಹ, ಸಂಗಾತಿಗಳ ಸಾವು. ಒಬ್ಬ ಮನುಷ್ಯ ಉರಿದುಹೋಗಲು ಇಷ್ಟು ಸಾಕು.

ಹಾಗಿದ್ದ ಮೇಲೆ ಮೊಳೆಗಳೇಕೆ? ಪ್ರಶ್ನೆಯ ತಿರುಳು ಇಲ್ಲಿದೆ. ಅನ್ಯಾಯದಿಂದ ನೊಂದು ಕೋಪಗೊಂಡವನನ್ನು ಮಾತನಾಡಿಸಬಹುದು. ನಿನಗೆ ಅನ್ಯಾಯವಾಗಿದೆ ನಿಜ, ಆದರೆ ಈ ಊರಿನ ಜನ ನಿನಗೇನು ಮಾಡಿದ್ದರು ಎಂದು ಅವನನ್ನು ಕೇಳಬಹುದು. ಅವನು ಉತ್ತರಿಸಲೇಬೇಕು, ಉತ್ತರಿಸಲಾರದೆ ಹೋದರೆ ಆ ಮೌನವೇ ಕಾದಂಬರಿಯ ಅತ್ಯಂತ ಭಯಂಕರವಾದ ಪುಟವಾಗುತ್ತದೆ. ತಲೆಯಲ್ಲಿ ಯಂತ್ರವಿರುವವನನ್ನು ಹಾಗೆ ಕೇಳಲಾಗದು. ಮೊಳೆ ಕಚ್ಚಿತು, ಅವನು ಕೊಂದ. ಅಲ್ಲಿಗೆ ಮಾತು ಮುಗಿಯಿತು. ಕೋಪದ ಕಾರಣ ಅನ್ಯಾಯದಿಂದ ಕಬ್ಬಿಣಕ್ಕೆ ವರ್ಗವಾಗುತ್ತದೆ. ಕಬ್ಬಿಣಕ್ಕೆ ಪಾಪವೂ ಇಲ್ಲ, ಪಶ್ಚಾತ್ತಾಪವೂ ಇಲ್ಲ. ಹೀಗೆ ಲೇಖಕ ಒಂದೇ ಕೈಯಿಂದ ಎರಡು ಲಾಭಗಳನ್ನು ಪಡೆಯುತ್ತಾನೆ: ನಾಯಕನ ಮೇಲೆ ಓದುಗನ ಕನಿಕರವೂ ಉಳಿಯುತ್ತದೆ, ನಾಯಕ ನಡೆಸುವ ಹತ್ಯಾಕಾಂಡದ ರೋಚಕತೆಯೂ ಉಳಿಯುತ್ತದೆ.

ಈ ಕಥೆಯೊಳಗೇ ಒಂದು ವ್ಯಂಗ್ಯ ಅಡಗಿದೆ. ನುಸೀರಿಯಾದ ಒಡೆಯರು ಗುಲಾಮರ ತಲೆಗೆ ಮೊಳೆ ಹೊಡೆದದ್ದು ನೋಡುವವರ ರಂಜನೆಗಾಗಿ. ಶಾಂತನಾದ ಗುಲಾಮ ಚೆನ್ನಾಗಿ ಕಾದಾಡುವುದಿಲ್ಲ. ಹುಚ್ಚನಾದವನು ಆಟವನ್ನು ರಂಗೇರಿಸುತ್ತಾನೆ. ಕಾದಂಬರಿ ಈ ಕ್ರೌರ್ಯವನ್ನು ಖಂಡಿಸುತ್ತದೆ. ಖಂಡಿಸಿದ ಮರುಪುಟದಲ್ಲಿಯೇ ಅದೇ ಮೊಳೆಗಳನ್ನು ಅದೇ ಉದ್ದೇಶಕ್ಕೆ, ಅಂದರೆ ಓದುಗನ ರಂಜನೆಗೆ, ತಾನೇ ಬಳಸಿಕೊಳ್ಳುತ್ತದೆ. ಕಣದ ಸುತ್ತಲಿನ ಎತ್ತರದ ಆಸನಗಳಲ್ಲಿ ಮೊದಲು ನುಸೀರಿಯಾದ ಶ್ರೀಮಂತರು ಕುಳಿತಿದ್ದರು. ಈಗ ಓದುಗನನ್ನು ಅಲ್ಲಿ ಕೂರಿಸಲಾಗಿದೆ. ಅವನಿಗೆ ಈ ವಿಷಯವನ್ನು ತಿಳಿಸುವ ಧೈರ್ಯ ಈ ಬಗೆಯ ಪುಸ್ತಕಗಳಲ್ಲಿ ವಿರಳ.

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ಈ ಮಾಲೆಯಲ್ಲಿಯೇ ಮೊಳೆಗಳನ್ನು ಮೀರಿದ ಬರವಣಿಗೆ ಇದೆ. 2009ರ ಸಂಕಲನವೊಂದರಲ್ಲಿ ಬಂದ ಮ್ಯಾಥ್ಯೂ ಫ್ಯಾರರ್ ಅವರ ‘ಆಫ್ಟರ್ ದೆಷಿಯಾ’ ಎಂಬ ಸಣ್ಣಕಥೆ ಅದಕ್ಕೆ ನಿದರ್ಶನ. ಸಂಗಾತಿಗಳನ್ನು ಕಳೆದುಕೊಂಡು ಕತ್ತಲ ಕೋಣೆಯಲ್ಲಿ ಕುದಿಯುತ್ತಿರುವ ಆಂಗ್ರಾನನ ಬಳಿಗೆ ಅವನ ಹೊಸ ಸೈನ್ಯದ ನಾಯಕರು ಒಬ್ಬೊಬ್ಬರಾಗಿ ಹೋಗುತ್ತಾರೆ, ಒಬ್ಬೊಬ್ಬರಾಗಿ ಸಾಯುತ್ತಾರೆ. ಖಾರ್ನ್ ಎಂಬವನು ಹೋಗಿ ಏಟುಗಳನ್ನು ತಿನ್ನುತ್ತಲೇ ಅವನನ್ನು ಮಾತಿಗೆ ಎಳೆಯುತ್ತಾನೆ. ಇಡೀ ಕಥೆ ಕ್ರೋಧದ ನಡುವೆ ಬಿಡುವೊಂದನ್ನು ಹುಡುಕುವ ಪ್ರಯತ್ನ. ಆಮೇಲೆ ಆ ಸೈನ್ಯದವರು ತಮ್ಮ ನಾಯಕನಂತೆ ಆಗಲು ತಮ್ಮ ತಲೆಗಳಿಗೂ ಮೊಳೆಗಳನ್ನು ನೆಡಿಸಿಕೊಳ್ಳುತ್ತಾರೆ. ಆಂಗ್ರಾನನ ಕೋಪ ಅವನ ಮೇಲೆ ಹೇರಿದ್ದು. ಇವರದು ಒಪ್ಪಿ ಪಡೆದದ್ದು. ಕಾದಂಬರಿಕಾರ ತನ್ನ ಪೂರ್ಣ ಶಕ್ತಿಯನ್ನು ಹಾಕಬೇಕಾಗಿದ್ದ ಎಡೆ ಇದು: ಸ್ವಸ್ಥಬುದ್ಧಿಯ ಮನುಷ್ಯನೊಬ್ಬ ತನ್ನ ವಿವೇಕವನ್ನು ಕಿತ್ತುಹಾಕಲು ತಾನೇ ತಲೆಯೊಡ್ಡುವ ಗಳಿಗೆ. ಲೋಕದಲ್ಲಿ ದಿನವೂ ನಡೆಯುವುದು ಇದೇ. ದ್ವೇಷವನ್ನು ಹುಟ್ಟಿನಿಂದ ಪಡೆದವರಿಗಿಂತ ನಾಯಕನ ಮೇಲಿನ ನಿಷ್ಠೆಗಾಗಿ, ಗುಂಪಿನ ಸ್ನೇಹಕ್ಕಾಗಿ ಅದನ್ನು ಬೇಡಿ ಪಡೆದವರೇ ಹೆಚ್ಚು. ಅದೇ ಖಾರ್ನ್ ಮುಂದೆ ಸ್ವಂತ ಸಂಗಾತಿಗಳನ್ನೇ ಸುಟ್ಟು ಕೊಂದು ‘ದ್ರೋಹಿ’ ಎಂಬ ಬಿರುದನ್ನು ಪಡೆಯುತ್ತಾನೆ. ಆ ಬಿರುದು ಕಳಂಕವಾಗಿ ಉಳಿಯುವುದಿಲ್ಲ. ಅದೇ ಹೆಸರಿನಿಂದ ಅವನ ಗೊಂಬೆ ಮಾರಾಟವಾಗುತ್ತದೆ.

ಕೃತಕವಾಗಿ ನೆಟ್ಟ ಕೋಪವನ್ನು ಬರೆಯುವುದೇ ತಪ್ಪೆಂದು ಇದರಿಂದ ಸಿದ್ಧವಾಗುವುದಿಲ್ಲ. ಅದನ್ನು ಪ್ರಾಮಾಣಿಕವಾಗಿ ಬರೆದ ಕಾದಂಬರಿಯೊಂದು ಆಟ ಹುಟ್ಟುವುದಕ್ಕಿಂತ ಮೊದಲೇ ಬಂದಿತ್ತು. ಭೌತಶಾಸ್ತ್ರ ಓದಿದ ಅಮೆರಿಕದ ಜೋ ಹಾಲ್ಡ್‌ಮನ್ 1967ರಲ್ಲಿ ಕಡ್ಡಾಯ ಸೇನಾಸೇವೆಗೆ ಒಳಪಟ್ಟು ವಿಯೆಟ್ನಾಮಿಗೆ ಹೋಗಿ ತೀವ್ರವಾಗಿ ಗಾಯಗೊಂಡು ಮರಳಿದ. 1974ರಲ್ಲಿ ಆತನ ‘ದಿ ಫಾರೆವರ್ ವಾರ್’ ಪ್ರಕಟವಾಯಿತು. ಅದರಲ್ಲಿ ಸೈನಿಕರ ಅಂತರ್ಮನಸ್ಸಿನಲ್ಲಿ ಸಂಮೋಹನದಿಂದ ದ್ವೇಷವನ್ನು ಬಿತ್ತಲಾಗಿರುತ್ತದೆ. ಕದನದ ಮುನ್ನ ಮೇಲಧಿಕಾರಿ ಒಂದು ಸಂಕೇತವಾಕ್ಯವನ್ನು ಉಚ್ಚರಿಸಿದೊಡನೆ ಪರಲೋಕದ ಶತ್ರುಗಳು ಮಕ್ಕಳನ್ನು ತಿಂದರು, ಹೆಂಗಸರನ್ನು ಕೆಡಿಸಿದರು ಎಂಬ ಸುಳ್ಳು ನೆನಪುಗಳು ಉಕ್ಕಿಬರುತ್ತವೆ. ಕಥಾನಾಯಕ ಮ್ಯಾಂಡೆಲ್ಲಾನಿಗೆ ಅವು ಸುಳ್ಳೆಂದು ಗೊತ್ತು. ಗೊತ್ತಿದ್ದರೂ ರಕ್ತ ಕುದಿಯುತ್ತದೆ. ಎದುರಿಸಿ ಹೋರಾಡಲು ಬಾರದ ಜೀವಿಗಳನ್ನು ಅವನ ದಳ ಕೊಚ್ಚಿಹಾಕುತ್ತದೆ.

ಕಟುಕನ ಮೊಳೆಗೂ ಈ ಸಂಕೇತವಾಕ್ಯಕ್ಕೂ ಯಂತ್ರವಾಗಿ ಏನೂ ಭೇದವಿಲ್ಲ. ಭೇದವಿರುವುದು ಮರುಪುಟದಲ್ಲಿ. ಹಾಲ್ಡ್‌ಮನ್ ಸಂಮೋಹನ ಇಳಿಯುವವರೆಗೆ ಕಾಯುತ್ತಾನೆ. ಆಗ ಮ್ಯಾಂಡೆಲ್ಲಾನಿಗೆ ಹೇಸಿಗೆಯಾಗುತ್ತದೆ. ಆಜ್ಞೆಯನ್ನು ಪಾಲಿಸಿದೆನೆಂಬ ಸಮಾಧಾನ ತನಗೆ ಸಾಲದೆಂದು ಅವನಿಗೆ ಹೊಳೆಯುತ್ತದೆ. ಅದಕ್ಕಿಂತ ಘೋರವಾದ ಇನ್ನೊಂದು ಯೋಚನೆ ಬೆನ್ನಹಿಂದೆಯೇ ಬರುತ್ತದೆ: ತನ್ನ ಪೂರ್ವಿಕರು ಯಾವ ಸಂಮೋಹನವೂ ಇಲ್ಲದೆ, ತಮ್ಮಂಥ ಮನುಷ್ಯರಿಗೇ, ಇದನ್ನೇ ಮಾಡಿದ್ದರಲ್ಲವೇ? ಇದರೊಂದಿಗೆ ಯಂತ್ರದ ನೆಪ ಮುರಿದುಬೀಳುತ್ತದೆ. ಕೊನೆಯಲ್ಲಿ, 1143 ವರ್ಷ ನಡೆದ ಆ ಯುದ್ಧ ಸುಳ್ಳು ನೆಪದಿಂದ ಆರಂಭವಾಗಿ, ಎರಡು ಕುಲಗಳಿಗೆ ಪರಸ್ಪರ ಮಾತು ತಿಳಿಯದ ಕಾರಣಕ್ಕೆ ಮುಂದುವರಿದದ್ದೆಂದು ಬಯಲಾಗುತ್ತದೆ. ಸೈನಿಕನಾಗಿ ಗಾಯಗೊಂಡವನು ಬರೆದ ಪುಸ್ತಕದಲ್ಲಿ ಕೋಪ ಯಾರಿಗೂ ಅಲಂಕಾರವಲ್ಲ.

ಕೋಪದ ಈ ನೆಪಕ್ಕೆ ಒಬ್ಬ ತಣ್ಣನೆಯ ಅವಳಿಯೂ ಇದೆ. ಆರ್ಸನ್ ಸ್ಕಾಟ್ ಕಾರ್ಡ್ ಬರೆದ ‘ಎಂಡರ್ಸ್ ಗೇಮ್’ ಕಾದಂಬರಿಯಲ್ಲಿ (1985) ಬಾಲಕನೊಬ್ಬ ಪರೀಕ್ಷೆಯ ಆಟವೆಂದು ನಂಬಿ ಒಂದು ಜೀವಕುಲವನ್ನೇ ಅಳಿಸಿಹಾಕುತ್ತಾನೆ. ಅವನಿಗೆ ತಿಳಿದಿರಲಿಲ್ಲ, ಆದ್ದರಿಂದ ಅವನು ನಿರ್ದೋಷಿ ಎಂಬಂತೆ ಕಥೆ ಕಟ್ಟಲಾಗಿದೆ ಎಂದು ಜಾನ್ ಕೆಸೆಲ್ ಎಂಬ ಲೇಖಕ 2004ರ ಪ್ರಬಂಧವೊಂದರಲ್ಲಿ ಆಕ್ಷೇಪಿಸಿದ. ಆಂಗ್ರಾನನದು ಕ್ರೋಧದಿಂದ ಬಂದ ನಿರ್ದೋಷ, ಎಂಡರನದು ಅಜ್ಞಾನದಿಂದ ಬಂದ ನಿರ್ದೋಷ. ಸತ್ತವರ ಕಡೆಯಿಂದ ನೋಡಿದರೆ ಎರಡೂ ಒಂದೇ. ಆದರೆ ಕಾರ್ಡ್ 1986ರ ಮುಂದಿನ ಕಾದಂಬರಿಯಲ್ಲಿ ಎಂಡರನನ್ನು ಸತ್ತವರ ಪರವಾಗಿ ಮಾತನಾಡುವವನನ್ನಾಗಿ ಮಾಡಿ ಋಣದ ಲೆಕ್ಕವನ್ನು ತೆರೆದನೆಂಬುದನ್ನೂ ಮರೆಯಲಾಗದು.

ಗ್ರಿಮ್‌ಡಾರ್ಕ್ ಪಕ್ಷಪಾತಿಗಳು ಇದಕ್ಕೆಲ್ಲ ಒಂದು ಸಿದ್ಧ ಉತ್ತರವನ್ನು ಇಟ್ಟುಕೊಂಡಿದ್ದಾರೆ: ಇದು ವಿಡಂಬನೆ, ಇಲ್ಲಿ ಯಾರೂ ಆದರ್ಶರಲ್ಲ. ವಿಡಂಬನೆಯಾಗಿ ಆರಂಭವಾದದ್ದು ನಿಜವಿರಬಹುದು. ಆದರೆ 2021ರ ನವೆಂಬರಿನಲ್ಲಿ ನಡೆದದ್ದನ್ನು ಅವರು ನೆನೆಯಬೇಕು. ಸ್ಪೇನಿನ ಪಂದ್ಯಾವಳಿಯೊಂದಕ್ಕೆ ಆಟಗಾರನೊಬ್ಬ ನಾಜಿ ಚಿಹ್ನೆಗಳನ್ನು ಧರಿಸಿ ಬಂದ. ಆಮೇಲೆ, ಕಥೆಯ ಸಾಮ್ರಾಜ್ಯ ಅನುಕರಣೀಯವಲ್ಲ, ಅದು ದ್ವೇಷದ ವಿಡಂಬನೆ ಎಂದು ಸಂಸ್ಥೆಯೇ ಬಹಿರಂಗವಾಗಿ ಹೇಳಬೇಕಾಯಿತು. ಸಂಸ್ಥೆ ಹಾಗೆ ಹೇಳಿದ್ದು ಸರಿಯೇ. ಆದರೆ ಇದು ವಿಡಂಬನೆಯೆಂದು ಪುಸ್ತಕದ ಹೊರಗೆ ಸಾರಬೇಕಾಗಿ ಬಂದರೆ, ಒಳಗೆ ಏನೋ ಕೆಟ್ಟಿದೆ ಎಂದೇ ಅರ್ಥ. ವಿಡಂಬನೆಗೆ ನಗು ಬೇಕು, ಇಲ್ಲವೇ ನಾಚಿಕೆ ಬೇಕು. ಕೋಪೋನ್ಮತ್ತನ ಪರಾಕ್ರಮವನ್ನು ಪುಟಗಟ್ಟಲೆ ತನ್ಮಯತೆಯಿಂದ ವರ್ಣಿಸಿ, ಕೊನೆಗೆ ‘ಇದು ತಪ್ಪು’ ಎಂಬ ಒಂದು ಗೆರೆ ಎಳೆದರೆ, ಓದುಗನ ಮನಸ್ಸಿನಲ್ಲಿ ಉಳಿಯುವುದು ಪುಟಗಳೇ ಹೊರತು ಗೆರೆಯಲ್ಲ.

ಕೋಪವೇ ಯುದ್ಧದ ಸತ್ಯ ಎಂಬ ಇನ್ನೊಂದು ವಾದವಿದೆ. ಇದು ಅರ್ಧಸತ್ಯ. ಸಾಮೂಹಿಕ ಹತ್ಯೆಗಳಲ್ಲಿ ಬಹಳಷ್ಟು ನಡೆದದ್ದು ಕಚೇರಿಗಳಲ್ಲಿ, ಕಾಗದದ ಮೇಲೆ, ರೈಲುಗಳ ವೇಳಾಪಟ್ಟಿಯಲ್ಲಿ. ಇಂದು ಸಾವಿರಾರು ಮೈಲಿ ದೂರದ ಕೋಣೆಯಲ್ಲಿ ಕುಳಿತವನು ಪರದೆಯನ್ನು ನೋಡುತ್ತ ಚಾಲಕರಹಿತ ವಿಮಾನದಿಂದ ಕ್ಷಿಪಣಿ ಬಿಡಬಲ್ಲ. ಅವನಿಗೆ ಕೋಪ ಬರಬೇಕಾದ ಅಗತ್ಯವೇ ಇಲ್ಲ. ಕೊಲ್ಲುವವನೆಂದರೆ ಬಾಯಿಯಲ್ಲಿ ನೊರೆ ಕಾರುವವನು ಎಂಬ ಚಿತ್ರವನ್ನು ಬೆಳೆಸುವ ಕಾದಂಬರಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಆಜ್ಞೆಗೆ ಸಹಿ ಹಾಕುವವನನ್ನು ಓದುಗನ ಕಣ್ಣಿಂದ ಮರೆಮಾಡುತ್ತದೆ. ಆಂಗ್ರಾನನ ಕಥೆಯ ನಿಜವಾದ ಅಪರಾಧಿ, ತಣ್ಣನೆಯ ಲೆಕ್ಕಾಚಾರದಿಂದ ಗುಲಾಮರನ್ನು ಸಾಯಲು ಬಿಟ್ಟ ಸಾಮ್ರಾಟ, ಕೋಪದ ಹೊಗೆಯಲ್ಲಿ ಹಿಂದಕ್ಕೆ ಸರಿದುಬಿಡುತ್ತಾನೆ.

ಕ್ರೋಧವನ್ನು ಅಳೆಯುವ ಕೋಲು ಕನ್ನಡ ಓದುಗನಿಗೆ ಹೊಸದಲ್ಲ. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಹತ್ತನೆಯ ಶತಮಾನದಲ್ಲಿ ಗೊಮ್ಮಟಸಾರದಲ್ಲಿ ಕ್ರೋಧದ ತೀವ್ರತೆಯನ್ನು ನಾಲ್ಕು ಉಪಮೆಗಳಿಂದ ತಿಳಿಸಿದ್ದಾರೆ: ಬಂಡೆಯ ಬಿರುಕು, ನೆಲದ ಬಿರುಕು, ಧೂಳಿನ ಗೆರೆ, ನೀರಿನ ಗೆರೆ. ಗೆರೆ ಎಷ್ಟು ಕಾಲ ಉಳಿಯುತ್ತದೆ ಎಂಬುದರ ಮೇಲೆ ಕ್ರೋಧದ ತರತಮ. ಮನುಷ್ಯಸ್ವಭಾವವನ್ನು ಬರೆಯುವವನಿಗೆ ಇದಕ್ಕಿಂತ ಉಪಯುಕ್ತವಾದ ಪಾಠ ಕಷ್ಟ. ಒಂದೇ ಎದೆಯಲ್ಲಿ ಬೆಳಿಗ್ಗೆ ಧೂಳಿನ ಗೆರೆಯಾಗಿದ್ದದ್ದು ಸಂಜೆಗೆ ಬಂಡೆಯ ಬಿರುಕಾಗಬಹುದು. ಆ ಬದಲಾವಣೆ ಹೇಗಾಯಿತೆಂದು ತೋರಿಸುವುದೇ ಕಾದಂಬರಿ. ಗ್ರಿಮ್‌ಡಾರ್ಕ್ ಲೇಖಕನ ಬಳಿ ಬಂಡೆಯೊಂದೇ ಇದೆ. ಬಿರುಕಿನ ಮೇಲೆ ಬಿರುಕನ್ನು ಕೆತ್ತುತ್ತ ಹೋಗುವುದರಿಂದ ಪುಟಗಳು ಹೆಚ್ಚುತ್ತವೆ, ಪಾತ್ರ ಬೆಳೆಯುವುದಿಲ್ಲ.

ಭರತನ ನಾಟ್ಯಶಾಸ್ತ್ರ ವೀರಕ್ಕೆ ಉತ್ಸಾಹವನ್ನೂ ರೌದ್ರಕ್ಕೆ ಕ್ರೋಧವನ್ನೂ ಸ್ಥಾಯಿಯೆಂದು ಬೇರ್ಪಡಿಸುತ್ತದೆ. ಕೋಪಗೊಂಡವನೆಲ್ಲ ವೀರನಲ್ಲ ಎಂಬುದು ಇದರಿಂದ ಸ್ಪಷ್ಟ. ರೌದ್ರದಿಂದ ಕರುಣ ಹುಟ್ಟುತ್ತದೆ ಎಂದೂ ಅದು ಹೇಳುತ್ತದೆ. ಇದು ಉಪದೇಶವಲ್ಲ, ಕಟ್ಟುವ ಕೆಲಸದ ನಿಯಮ. ಒಬ್ಬನ ರೌದ್ರ ಮತ್ತೊಬ್ಬನ ಮನೆಯಲ್ಲಿ ಕರುಣವಾಗದೆ ವಿಧಿಯಿಲ್ಲ. ರನ್ನನ ಗದಾಯುದ್ಧದಲ್ಲಿ ಭೀಮನ ಕ್ರೋಧಕ್ಕೆ ಏನು ಕೊರತೆ? ಕಾವ್ಯವೆಲ್ಲ ಅವನ ಪ್ರತಿಜ್ಞೆಯ ಉರಿಯಲ್ಲಿ ಕಾದಿದೆ. ಆದರೂ ಕವಿ ದುರ್ಯೋಧನನನ್ನು ರಣರಂಗದ ಹೆಣಗಳ ನಡುವೆ ನಡೆಸುತ್ತಾನೆ; ಗುರುವಿನ, ತಮ್ಮನ, ಗೆಳೆಯನ ದೇಹಗಳ ಮುಂದೆ ನಿಲ್ಲಿಸುತ್ತಾನೆ; ವೈರಿಯ ಮಗನಾದ ಅಭಿಮನ್ಯುವಿನ ಶೌರ್ಯಕ್ಕೂ ಅವನಿಂದ ಮನ್ನಣೆ ಕೊಡಿಸುತ್ತಾನೆ. ಭೀಮನ ಕೋಪದ ಬೆಲೆ ಎಷ್ಟೆಂಬುದು ಅದನ್ನು ತೆತ್ತವನ ಬಾಯಿಂದಲೇ ಕೇಳಿಬರುತ್ತದೆ. ಇಲಿಯಡ್ ಕೂಡ ಮುಗಿಯುವುದು, ಮಗನನ್ನು ಕೊಂದವನ ಎದುರು ಕುಳಿತ ಮುದಿ ತಂದೆಯೂ ಆ ಕೊಂದವನೂ ಕೂಡಿ ಅತ್ತ ಮೇಲೆ, ಹೆಕ್ಟರನ ಅಂತ್ಯಕ್ರಿಯೆಯಲ್ಲಿ. ಎರಡು ದೂರದ ಭಾಷೆಗಳ ಕವಿಗಳು ಒಬ್ಬರನ್ನೊಬ್ಬರು ಅರಿಯದೆ ಒಂದೇ ಲೆಕ್ಕವನ್ನು ಒಪ್ಪಿಸಿದ್ದಾರೆ.

ಆದ್ದರಿಂದ ಕ್ರೋಧದ ಪಾತ್ರವನ್ನು ಬರೆಯುವವನಿಂದ ಮೂರನ್ನು ಕೇಳುವುದು ಅತಿಯಾಗದು. ಮೊದಲನೆಯದು ಕಾರಣ: ಕೋಪ ಎಲ್ಲಿಂದ ಬಂತು, ಯಾರ ಅನ್ಯಾಯದಿಂದ ಬಂತು ಎಂಬುದನ್ನು ಯಂತ್ರಕ್ಕೋ ದೇವತೆಗೋ ಒಪ್ಪಿಸದೆ ತೋರಿಸಬೇಕು. ಎರಡನೆಯದು ಬಿಡುವು: ಎತ್ತಿದ ಕೈ ಇಳಿಯಬಹುದಾಗಿದ್ದ ಕ್ಷಣ ಒಂದಾದರೂ ಕಥೆಯಲ್ಲಿರಬೇಕು, ಅವನು ಕೈ ಇಳಿಸದಿದ್ದರೂ ಚಿಂತೆಯಿಲ್ಲ, ಇಳಿಸಬಹುದಾಗಿತ್ತು ಎಂಬುದು ಓದುಗನಿಗೆ ತಿಳಿಯಬೇಕು. ಮೂರನೆಯದು ಋಣ: ಸತ್ತವನಿಗೆ ಒಂದು ಹೆಸರಿರಬೇಕು, ಅವನಿಗಾಗಿ ಅಳುವವರೊಬ್ಬರಿರಬೇಕು, ಕೊಂದವನ ಮುಂದಿನ ಬದುಕಿನಲ್ಲಿ ಅದರ ಗುರುತು ಇರಬೇಕು.

ಹೀಗೆ ಮಾಡಿದರೆ ಕಾದಂಬರಿ ನೀತಿಪಾಠವಾಗುತ್ತದೆ, ಕತ್ತಲೆ ತಿಳಿಯಾಗುತ್ತದೆ ಎಂದು ಕೆಲವರು ಅಂಜುತ್ತಾರೆ. ಆಗುವುದು ಅದಕ್ಕೆ ವಿರುದ್ಧ. ಎಲ್ಲರೂ ಮೊದಲಿನಿಂದಲೇ ಹುಚ್ಚರಾಗಿರುವ ಲೋಕದಲ್ಲಿ ಯಾರೇ ಕೊಂದರೂ ಅದು ಮಳೆ ಸುರಿದಷ್ಟೇ ಸಹಜ. ಅಲ್ಲಿ ಭಯಕ್ಕೆ ಎಡೆಯಿಲ್ಲ. ನಿಲ್ಲಬಹುದಾಗಿದ್ದವನು ನಿಲ್ಲದೆ ಹೋದಾಗ ಕವಿಯುವುದೇ ನಿಜವಾದ ಕತ್ತಲೆ. ತಲೆಯಲ್ಲಿ ಮೊಳೆಯಿಲ್ಲದ ಮನುಷ್ಯ, ತನ್ನ ಪೂರ್ಣ ಎಚ್ಚರದಲ್ಲಿ, ಕೋಪವನ್ನು ಆರಿಸಿಕೊಳ್ಳುವುದನ್ನು ಯಾವ ಲೇಖಕ ಕಣ್ಣು ತಪ್ಪಿಸದೆ ಬರೆಯುತ್ತಾನೋ, ಘೋರವಾದ ಕಾದಂಬರಿ ಬರೆದವನೆಂಬ ಹೆಸರು ಅವನಿಗೆ ಸಲ್ಲಬೇಕು. ಅಂಥ ಪುಸ್ತಕವನ್ನು ಓದಿ ಮುಚ್ಚಿದ ತರುಣ ಆಂಗ್ರಾನನನ್ನು ಮೆಚ್ಚಿಕೊಂಡು ಏಳುವುದಿಲ್ಲ. ತನ್ನ ಕೈಯನ್ನು ಒಮ್ಮೆ ನೋಡಿಕೊಳ್ಳುತ್ತಾನೆ.